ಖಾಲಿ ಪ್ರಿಫಿಕ್ಸ್‌ಗೂ ಒಂದು ಗ್ರೂಪ್: ನನ್ನ ಅನುಭವ

"ಒಂದೇ ಪ್ರಿಫಿಕ್ಸ್‌ಗೆ ನಾಲ್ಕು ಗ್ರೂಪ್ ಯಾಕೋ, ಒಂದು ಸಾಲದಾ?" ಅಂತ ನನ್ನ ಪಾಲುದಾರ ನಗಾಡಿದ್ದ. ಮಾತು ನಮ್ಮ ವೆಬ್ ಸರ್ವರ್ ಕೋಡ್‌ನದು: ಪ್ರಿಫಿಕ್ಸ್ ಅಂದರೆ ವಿಳಾಸಗಳ (ಪಾಥ್‌ಗಳ) ಶುರುವಿನ ಸಮಾನ ಭಾಗ, ಗ್ರೂಪ್ ಅಂದರೆ ಅದನ್ನೂ ಒಂದೇ ಥರದ ತಪಾಸಣೆಯನ್ನೂ ಹಂಚಿಕೊಳ್ಳುವ ವಿಳಾಸಗಳ ಗುಂಪು. ಬೆಂಗಳೂರಿನ ಒಬ್ಬ ಹಿರಿಯರಂತೂ ಕೋಡ್ ನೋಡಿ, "ಇದೆಲ್ಲ ಬೇಡಪ್ಪ, ಮುಂದೊಂದು ಎಪಿಐ ಗೇಟ್‌ವೇ (ವಿನಂತಿಗಳನ್ನು ಹಂಚುವ ಬಾಗಿಲು) ಕೂರಿಸಿ, ಹಿಂದೆ ನಾಲ್ಕು ಸರ್ವಿಸ್ ಮಾಡಿ" ಅಂದು ಒಂದು ಲಕ್ಷ ನಲವತ್ತು ಸಾವಿರದ ಕೊಟೇಶನ್ ಕೊಟ್ಟರು. ನಮ್ಮ ಸರ್ವರ್ ಬಾಡಿಗೆಯೇ ತಿಂಗಳಿಗೆ ಎರಡು ಸಾವಿರ ದಾಟುವುದಿಲ್ಲ. ಬೇಡ ಅಂದೆ. ನಾಲ್ಕು ಗ್ರೂಪ್ ನಿಂತು ಈಗ ವರ್ಷದ ಮೇಲಾಯಿತು, ಗಟ್ಟಿಯಾಗಿಯೇ ನಿಂತಿದೆ. ಹಾಗಾಗಿ ಬರೆಯುತ್ತಿದ್ದೇನೆ.

ನಮ್ಮದು ತಿಪಟೂರು ಕಡೆಯ ಕೊಬ್ಬರಿ ಮಂಡಿಗಳಿಗೆ ಪಟ್ಟಿ (ರೈತರಿಗೆ ಕೊಡುವ ಲೆಕ್ಕದ ಚೀಟಿ) ಬರೆಯುವ ಸಾಫ್ಟ್‌ವೇರ್. ಸುಮಾರು ನೂರ ನಲವತ್ತು ಅಂಗಡಿ, ವರ್ಷಕ್ಕೆ ಅಂಗಡಿಗೆ 4,800 ರೂಪಾಯಿ. ಹಿಂದೆ ಇರುವುದು ಗೋ ಭಾಷೆಯಲ್ಲಿ ವೆಬ್ ಸರ್ವರ್ ಕಟ್ಟಲು ಬಳಸುವ ಗಿನ್ ಎಂಬ ಫ್ರೇಮ್‌ವರ್ಕ್. ಶುರುವಿನಲ್ಲಿ ಇಪ್ಪತ್ತು ರೂಟ್ (ಆಪ್ ಕೇಳುವ ಒಂದೊಂದು ವಿಳಾಸ, ಅದಕ್ಕೆ ಉತ್ತರಿಸುವ ಕೋಡ್) ಇದ್ದದ್ದು ನೋಡನೋಡುತ್ತ ನೂರ ಹದಿನೆಂಟೋ ಇಪ್ಪತ್ತೋ ಆಯಿತು. ಎಲ್ಲವೂ ಮುಖ್ಯ ಫೈಲಿನಲ್ಲೇ ಉದ್ದಕ್ಕೆ ಸಾಲಾಗಿ ನಿಂತಿದ್ದವು, ಪ್ರಿಫಿಕ್ಸ್ ಇಲ್ಲ. "/ಪಟ್ಟಿ", "/ಲಾಟ್", "/ಖಾತೆ" ಅಷ್ಟೇ. ಹೊಸ ಆಪ್‌ಗೆ ಪಟ್ಟಿಯ ರೂಪ ಬದಲಾಗಬೇಕಿತ್ತು, ಹಳೆ ಆಪ್ ಇಟ್ಟುಕೊಂಡವರ ಕೆಲಸ ನಿಲ್ಲುವಂತಿರಲಿಲ್ಲ. ಅಲ್ಲಿಗೆ "/ವಿ1" ಅನ್ನುವ ಆವೃತ್ತಿಯ ಪ್ರಿಫಿಕ್ಸ್ ಬೇಕೇ ಬೇಕಾಯಿತು.

ಮೊದಲ ಪ್ರಯತ್ನ ಹೇಳಿಕೊಳ್ಳಲು ನಾಚಿಕೆ. ಎಡಿಟರ್‌ನಲ್ಲಿ ಹುಡುಕಿ ಬದಲಿಸುವ ಕೆಲಸ. ಎರಡು ಸಲ ಓಡಿಸಿದ್ದಕ್ಕೆ "/ವಿ1/ವಿ1/ಲಾಟ್" ಅಂತ ಆಗಿ ಕೂತಿತ್ತು. ಅರ್ಧ ದಿನ ಹೋಯಿತು, ಬಿಡಿ.

ಎರಡನೆಯದರಲ್ಲಿ ಗ್ರೂಪ್ ಬಳಸಿದೆ, ಆದರೆ ಎಲ್ಲರೂ ಮಾಡುವ ಹಾಗೆ ವಸ್ತುವಿನ ಲೆಕ್ಕದಲ್ಲಿ: ಪಟ್ಟಿಗೊಂದು, ಲಾಟ್‌ಗೊಂದು, ಖಾತೆಗೊಂದು. ನೋಡಲು ಚೆಂದ. ಆದರೆ ಲಾಗಿನ್ "/ವಿ1" ಒಳಗೇ ಇರಬೇಕು, ಅದಕ್ಕೆ ಟೋಕನ್ (ಲಾಗಿನ್ ಆದ ಗುರುತು) ಕೇಳುವಂತಿಲ್ಲ. ಇವತ್ತಿನ ಕೊಬ್ಬರಿ ದರ ಯಾರು ಬೇಕಾದರೂ ನೋಡಬಹುದು, ದರ ತಿದ್ದುವುದು ನಾವು ಮಾತ್ರ. ಒಂದೇ ವಸ್ತು, ಮೂರು ಥರದ ಜನ. ಕೊನೆಗೆ ಆಥ್ ಮಿಡಲ್‌ವೇರನ್ನು (ರೂಟ್‌ಗಿಂತ ಮುಂಚೆ ಓಡಿ ಟೋಕನ್ ಪರೀಕ್ಷಿಸುವ ತುಂಡು ಕೋಡ್) ಒಂದೊಂದು ರೂಟ್‌ಗೂ ಕೈಯಲ್ಲಿ ಅಂಟಿಸುತ್ತ ಕೂತೆ. ಅಂಟಿಸುವ ಕೆಲಸದಲ್ಲಿ ಮರೆವು ಖಂಡಿತ.

ಮರೆತದ್ದೂ ಆಯಿತು, ಅದೂ ಮರೆತೆ ಅಂತ ಗೊತ್ತಾಗದ ಹಾಗೆ. ನಮ್ಮ ಕಚೇರಿ ಕೆಲಸದ ಗ್ರೂಪ್‌ನಲ್ಲಿ ನಾಲ್ಕು ರೂಟ್ ಬರೆದು, ಅವುಗಳ ಕೆಳಗೆ "ಯೂಸ್" (ಗ್ರೂಪ್‌ಗೆ ಮಿಡಲ್‌ವೇರ್ ಸೇರಿಸುವ) ಸಾಲು ಹಾಕಿದ್ದೆ. ಗಿನ್‌ನಲ್ಲಿ ರೂಟ್ ನೋಂದಾಯಿಸಿದ ಕ್ಷಣಕ್ಕೆ ಗ್ರೂಪ್‌ನಲ್ಲಿ ಏನಿದೆಯೋ ಅಷ್ಟೇ ಅದಕ್ಕೆ ಸಿಗುವುದು. ಆಮೇಲೆ ಬಂದ ಯೂಸ್ ಮೇಲಿನ ರೂಟ್‌ಗಳಿಗೆ ಲಾಗೂ ಆಗುವುದಿಲ್ಲ. ಮಗು ಗ್ರೂಪ್ ಮಾಡಿದ ಮೇಲೆ ತಾಯಿ ಗ್ರೂಪ್‌ಗೆ ಯೂಸ್ ಹಾಕಿದರೂ ಇದೇ ಕಥೆ. ಗ್ರೂಪ್ ಕೆಳಗೆ ನಾವೆಲ್ಲ ಅಂದಕ್ಕೆ ಹಾಕುವ ಹೂವಿನ ಕಂಸವಂತೂ ಬರೀ ಅಲಂಕಾರ, ಅದು ಯಾರನ್ನೂ ಕಾಯುವುದಿಲ್ಲ. ಸುಮಾರು ಮೂರು ವಾರ ಆ ನಾಲ್ಕು ರೂಟ್ ಹಾಳೂರ ಛತ್ರದ ಹಾಗೆ ತೆರೆದೇ ಇದ್ದವು. ಪುಣ್ಯಕ್ಕೆ ಯಾರೂ ಬಂದಿರಲಿಲ್ಲ, ಲಾಗ್ ಪೂರ್ತಿ ಜಾಲಾಡಿದೆ.

ಸಿಕ್ಕಿದ್ದು ಹೇಗೆಂದರೆ, ಗಿನ್ ಶುರುವಾಗುವಾಗ ಒಂದೊಂದು ರೂಟ್‌ನ ಮುಂದೆ ಎಷ್ಟು ಹ್ಯಾಂಡ್ಲರ್ (ಸಾಲಾಗಿ ಓಡುವ ಫಂಕ್ಷನ್) ಅಂತ ಸಂಖ್ಯೆ ಕಕ್ಕುತ್ತದಲ್ಲ, ಅದರಿಂದ. ಡಿಫಾಲ್ಟ್ ಎಂಜಿನ್‌ನಲ್ಲಿ (ಎಲ್ಲ ಗ್ರೂಪ್‌ಗಳ ಬೇರು ಅದೇ) ಲಾಗರ್, ರಿಕವರಿ, ನಮ್ಮದೊಂದು ಸೇರಿ 3. ಆಥ್ ಸೇರಿದರೆ 4, ಕಚೇರಿಯ ಅಧಿಕಾರ ನೋಡುವುದೂ ಸೇರಿದರೆ 5. ಐದು ಇರಬೇಕಾದ ಕಡೆ ಮೂರು ಕಂಡಿತು. ಸರ್ವರ್‌ನಲ್ಲಿ ರಿಲೀಸ್ ಮೋಡ್, ಅಲ್ಲಿ ಈ ಸಾಲುಗಳೇ ಬರುವುದಿಲ್ಲ. ನನ್ನ ಲ್ಯಾಪ್‌ಟಾಪ್‌ನಲ್ಲಿ ಇಷ್ಟು ದಿನ ಕಣ್ಣೆದುರೇ ಓಡುತ್ತಿತ್ತು, ಓದಿದವರು ಯಾರು?

ಅವತ್ತು ರಾತ್ರಿಯೇ ಎಲ್ಲ ಬಿಚ್ಚಿ ಹೊಸದಾಗಿ ಕಟ್ಟಿದೆ. ವಸ್ತುವಿನ ಲೆಕ್ಕ ಬಿಟ್ಟು ಬರುವವರ ಲೆಕ್ಕ ಹಿಡಿದೆ. "/ವಿ1" ಒಂದು ಗ್ರೂಪ್. ಅದರೊಳಗೆ ನಾಲ್ಕು ಗ್ರೂಪ್: ಜಗಲಿ, ನಡುಮನೆ, ಉಗ್ರಾಣ, ಹಿತ್ತಿಲು. ಕೋಡ್‌ನಲ್ಲೂ ಇವೇ ಹೆಸರು. ಜಗಲಿಗೆ ಯಾರು ಬೇಕಾದರೂ ಬರಬಹುದು. ನಡುಮನೆಗೆ ಲಾಗಿನ್ ಆದ ಮಂಡಿಯವರು, ಉಗ್ರಾಣಕ್ಕೆ ನಾವು ಮೂವರೇ. ಹಿತ್ತಿಲ ಬಾಗಿಲಿನಿಂದ ಬರುವುದು ಪೇಮೆಂಟ್ ಗೇಟ್‌ವೇಯ ಹುಕ್, ಅಂದರೆ ದುಡ್ಡು ಬಂತು ಅಂತ ಅದು ನಮಗೆ ಕಳಿಸುವ ಸುದ್ದಿ. ಜಗಲಿ, ನಡುಮನೆ, ಉಗ್ರಾಣ ಮೂರಕ್ಕೂ ಪ್ರಿಫಿಕ್ಸ್ ಖಾಲಿ ಸ್ಟ್ರಿಂಗ್, ಅಂದರೆ ಒಂದಕ್ಷರವೂ ಇಲ್ಲದ್ದು. ನನ್ನ ಪಾಲುದಾರ ನಕ್ಕಿದ್ದು ಇದಕ್ಕೇ. ಖಾಲಿ ಸ್ಟ್ರಿಂಗ್ ಕೊಟ್ಟರೆ ಪಾಥ್ "/ವಿ1" ಆಗಿಯೇ ಉಳಿಯುತ್ತದೆ, ಮಿಡಲ್‌ವೇರ್ ಸರಪಳಿ ಮಾತ್ರ ಬೇರೆಯಾಗುತ್ತದೆ. ಹೊರಗಿನಿಂದ ನೋಡುವವರಿಗೆ ಒಂದೇ ಮನೆ. ಒಂದೊಂದು ಗ್ರೂಪನ್ನೂ ಒಂದೊಂದು ಫಂಕ್ಷನ್ ಕಟ್ಟಿ, ಯೂಸ್ ಎಲ್ಲ ಮುಗಿಸಿಯೇ ಕೈಗೆ ಕೊಡುತ್ತದೆ. ಬರಿ ಎಂಜಿನ್ ಯಾವ ಫೈಲಿಗೂ ಸಿಗುವುದಿಲ್ಲ, ಸಿಕ್ಕಿದರೆ ತಾನೇ ತಪ್ಪು ಮಾಡುವುದು.

ಹಳೆ ಆಪ್‌ನ ಪ್ರಶ್ನೆಗೂ ಇದರಲ್ಲೇ ಉತ್ತರ ಸಿಕ್ಕಿತು. ಪಟ್ಟಿಯ ರೂಟ್‌ಗಳನ್ನು ನೋಂದಾಯಿಸುವ ಫಂಕ್ಷನ್ ಗ್ರೂಪನ್ನು ಮಾತ್ರ ಕೇಳುತ್ತದೆ. ಅದನ್ನೇ ಎರಡು ಸಲ ಕರೆದೆ, ಒಮ್ಮೆ ನಡುಮನೆ ಕೊಟ್ಟು, ಇನ್ನೊಮ್ಮೆ ಪ್ರಿಫಿಕ್ಸೇ ಇಲ್ಲದ ಹಳೆ ಗ್ರೂಪ್ ಕೊಟ್ಟು. ಹಳೆ ಗ್ರೂಪ್‌ಗೆ ಒಂದು ಮಿಡಲ್‌ವೇರ್ ಜಾಸ್ತಿ, ಯಾವ ಫೋನ್ ಇನ್ನೂ ಈ ಕಡೆಯಿಂದ ಬರುತ್ತಿದೆ ಅಂತ ಬರೆದಿಡುತ್ತದೆ, ಉತ್ತರವನ್ನು ಹಳೆ ರೂಪಕ್ಕೆ ತಿರುಗಿಸುತ್ತದೆ. ಪ್ಲೇ ಸ್ಟೋರ್ ಅಪ್‌ಡೇಟ್ ಒತ್ತದ ಫೋನುಗಳನ್ನೂ ಹೊಸ ಪ್ರಿಫಿಕ್ಸ್‌ಗೆ ಹೇಗೆ ಎಳೆದುಕೊಂಡೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ಹೊಟ್ಟೆಪಾಡಿನ ಗುಟ್ಟು.

ಇನ್ನು ದುಡ್ಡಿನ ಕಥೆ. ಹಿತ್ತಿಲ ಗ್ರೂಪ್‌ಗೆ "/ಹುಕ್" ಅಂತ ಪ್ರಿಫಿಕ್ಸ್ ಕೊಟ್ಟು, ಒಳಗಿನ ಪೋಸ್ಟ್ ರೂಟ್‌ಗೆ ಒಂದು ಸ್ಲ್ಯಾಷ್ ಬರೆದೆ. ಅಲ್ಲಿಗೆ ನಿಜವಾದ ಪಾಥ್ "/ವಿ1/ಹುಕ್/". ಪೇಮೆಂಟ್ ಗೇಟ್‌ವೇ ಡ್ಯಾಶ್‌ಬೋರ್ಡ್‌ನಲ್ಲಿ ಕೊಟ್ಟದ್ದು ಕೊನೆಯ ಸ್ಲ್ಯಾಷ್ ಇಲ್ಲದ್ದು. ಗಿನ್ ಇಂಥದ್ದಕ್ಕೆ ತಾನೇ ದಾರಿ ತಿರುಗಿಸುತ್ತದೆ, ಗೆಟ್ ಆದರೆ 301, ಮಿಕ್ಕದ್ದಕ್ಕೆ 307. ಬ್ರೌಸರ್ ಆ ತಿರುಗಿಸಿದ ದಾರಿ ಹಿಡಿದು ಹೋಗುತ್ತದೆ, ನಮ್ಮ ಗೇಟ್‌ವೇ ಹೋಗಲಿಲ್ಲ. ಫೇಲ್ ಅಂತ ಬರೆದುಕೊಂಡು ಸುಮ್ಮನಾಯಿತು. ಎರಡು ದಿನ. ಅದೂ ನವೀಕರಣದ ವಾರ. 31 ಅಂಗಡಿಯವರು ದುಡ್ಡು ಕಟ್ಟಿದ್ದಾರೆ, ನಮ್ಮಲ್ಲಿ ಬಾಕಿ ಅಂತಲೇ ತೋರಿಸುತ್ತಿದೆ, ಗಡುವು ಮುಗಿದ ತಕ್ಷಣ ಆಪ್ ಬೀಗ ಹಾಕಿಕೊಂಡಿದೆ. ಹರಾಜಿನ ದಿನ ಬೆಳಗ್ಗೆ ಒಬ್ಬರ ಫೋನ್: "ದುಡ್ ಇಸ್ಕೊಂಡು ಬೀಗ ಹಾಕಿದೀಯಲ್ಲಪ್ಪ, ರೈತ್ರು ನನ್ ಮುಂದೆ ನಿಂತವ್ರೆ, ಪಟ್ಟಿ ನಿನ್ ತಲೆ ಮೇಲ್ ಬರೀಲಾ?"

ಒಂಬತ್ತು ಜನ ಗಾಬರಿಯಲ್ಲಿ ಎರಡನೇ ಸಲ ಕಟ್ಟಿದ್ದರು. ನಲವತ್ತಮೂರು ಸಾವಿರ ಚಿಲ್ಲರೆ ವಾಪಸ್ ಮಾಡಿದೆವು, ಗೇಟ್‌ವೇಯ ಕಮಿಷನ್ ಸಾವಿರ ಚಿಲ್ಲರೆ ನಮ್ಮ ತಲೆಗೆ. 31 ಜನಕ್ಕೂ ಒಂದು ತಿಂಗಳು ಪುಕ್ಕಟೆ ಕೊಟ್ಟದ್ದು ಇನ್ನೊಂದು ಹನ್ನೆರಡು ಸಾವಿರದ ಹತ್ತಿರ. ಒಂದು ಸ್ಲ್ಯಾಷ್‌ಗೆ ಹದಿಮೂರೂವರೆ ಸಾವಿರ. ಈಗ ಗ್ರೂಪ್‌ನ ಬಾಯಿಯ ರೂಟ್ ಅಂದರೆ ಖಾಲಿ ಸ್ಟ್ರಿಂಗ್, ಸ್ಲ್ಯಾಷ್ ಬರೆದರೆ ಟೆಸ್ಟ್ ಬೀಳುತ್ತದೆ. ದಾರಿ ತಿರುಗಿಸುವುದನ್ನೂ ಆಫ್ ಮಾಡಿದ್ದೇನೆ, ತಪ್ಪಿದ್ದರೆ ನೇರ 404 ಬರಲಿ. ಹುಕ್‌ನ ಸಹಿ ಪರೀಕ್ಷಿಸುವ ಮಿಡಲ್‌ವೇರ್ ವಿನಂತಿಯ ಬಾಡಿ (ಒಳಗಿನ ಮಾಹಿತಿ) ಓದಿ ಮುಗಿಸಿದರೆ ಹ್ಯಾಂಡ್ಲರ್‌ಗೆ ಖಾಲಿ ಕೈ, ಓದಿದ್ದನ್ನು ವಾಪಸ್ ತುಂಬಿಡಬೇಕು. ಇದಕ್ಕೂ ಒಂದು ಸಂಜೆ ಹೋಯಿತು.

ಕಾರ್ಸ್‌ಗೆ (ಬೇರೆ ತಾಣದ ಪುಟ ನಮ್ಮ ಸರ್ವರ್ ಕರೆಯಲು ಬ್ರೌಸರ್ ಕೇಳುವ ಅನುಮತಿ) ಎರಡು ಸಂಜೆ. ನಡುಮನೆಗೆ ಮಾತ್ರ ಸಾಕು ಅಂತ ಗ್ರೂಪ್‌ಗೆ ಹಾಕಿದ್ದೆ. ಬ್ರೌಸರ್ ಮೊದಲು ಕಳಿಸುವ ಆಪ್ಷನ್ಸ್ ವಿನಂತಿಗೆ ರೂಟೇ ಇಲ್ಲ, ರೂಟ್ ಇಲ್ಲದಿದ್ದರೆ ಗ್ರೂಪ್‌ನ ಮಿಡಲ್‌ವೇರ್ ಓಡುವುದೂ ಇಲ್ಲ. ಕಾರ್ಸ್ ಎಂಜಿನ್‌ಗೇ ಹೋಗಬೇಕು.

ಮಧ್ಯೆ ಗಿನ್ ಬಿಟ್ಟರೆ ಹೇಗೆ ಅಂತಲೂ ಒಂದು ಹುಚ್ಚು ಹತ್ತಿತ್ತು. ಗೋ 1.22ರಲ್ಲಿ ಗೋ ಜೊತೆಗೇ ಬರುವ ಸ್ಟ್ಯಾಂಡರ್ಡ್ ಮಕ್ಸ್‌ಗೇ (ವಿನಂತಿಯನ್ನು ರೂಟ್‌ಗೆ ಹಂಚುವ ಭಾಗ) ಮೆಥಡ್, ವೈಲ್ಡ್‌ಕಾರ್ಡ್ ಎಲ್ಲ ಬಂತಲ್ಲ. ಆದರೆ ಗ್ರೂಪ್ ಇಲ್ಲ, ಒಳಗೊಂದು ಮಕ್ಸ್ ಇಟ್ಟು ಪ್ರಿಫಿಕ್ಸ್ ಕತ್ತರಿಸುವ ಸ್ಟ್ರಿಪ್‌ಪ್ರಿಫಿಕ್ಸ್ ಸುತ್ತಬೇಕು. ಒಳಗಿನ ಮಕ್ಸ್‌ಗೆ ತನ್ನ ಮುಂದೆ "/ವಿ1" ಇದೆ ಅನ್ನುವುದೇ ಗೊತ್ತಿರುವುದಿಲ್ಲ, ಸ್ಲ್ಯಾಷ್ ಸರಿಮಾಡಲು ದಾರಿ ತಿರುಗಿಸಿದರೆ ಪ್ರಿಫಿಕ್ಸ್ ಬಿಟ್ಟು ಕಳಿಸುತ್ತದೆ. ಮತ್ತೆ ಸ್ಲ್ಯಾಷ್! ಒಂದು ಭಾನುವಾರ ಕೊಟ್ಟು ಕೈ ಮುಗಿದೆ. ನಮ್ಮ ಕೋಡ್ ಮುಂದೆ ನಿಲ್ಲುವ ವೆಬ್ ಸರ್ವರ್ ಎನ್‌ಜಿನ್‌ಎಕ್ಸ್‌ನಲ್ಲೇ ಪ್ರಿಫಿಕ್ಸ್ ಕತ್ತರಿಸಿ ನೋಡಿದೆ. ವಿನಂತಿಯನ್ನು ಹಿಂದಕ್ಕೆ ದಾಟಿಸುವ ಪ್ರಾಕ್ಸಿ ಪಾಸ್ ಸಾಲಿನ ಕೊನೆಗೆ ಸ್ಲ್ಯಾಷ್ ಇದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು. ನನಗೂ ಸ್ಲ್ಯಾಷ್‌ಗೂ ಹಿಂದಿನ ಜನ್ಮದ ಜಗಳ ಇರಬೇಕು.

ಗಿನ್ 1.6ರಲ್ಲಿ ಇರುವವರು ಮೊದಲು ಹೊಸ ಆವೃತ್ತಿಗೆ ಬನ್ನಿ. "/ಪಟ್ಟಿ/ಹೊಸದು", "/ಪಟ್ಟಿ/:ಐಡಿ" ಎರಡೂ ಒಂದೇ ಗ್ರೂಪ್‌ಗೆ ಬಂದರೆ ಅದು ಶುರುವಿನಲ್ಲೇ ಪ್ಯಾನಿಕ್ ಆಗಿ ನಿಂತುಬಿಡುತ್ತದೆ. 1.7ರಿಂದ ಈ ಕಾಟ ಇಲ್ಲ.

ನಾನು ಹೆಮ್ಮೆಪಡುವ ಒಂದು ತುಂಡು ಕೋಡ್ ಇದೆ, ಮೂವತ್ತು ಸಾಲೂ ಇಲ್ಲ. ಟೆಸ್ಟ್‌ನಲ್ಲಿ ಎಂಜಿನ್‌ನ ಎಲ್ಲ ರೂಟ್‌ಗಳ ಯಾದಿ ತೆಗೆದು, ಜಗಲಿ ಮತ್ತು ಹಿತ್ತಿಲಿನವನ್ನು ಬಿಟ್ಟು ಮಿಕ್ಕ ಎಲ್ಲದಕ್ಕೂ ಟೋಕನ್ ಇಲ್ಲದೆ ವಿನಂತಿ ಕಳಿಸುತ್ತೇನೆ. 401 (ಲಾಗಿನ್ ಬೇಕು ಅನ್ನುವ ಉತ್ತರ) ಬಾರದಿದ್ದರೆ ಬಿಲ್ಡ್ ನಿಲ್ಲುತ್ತದೆ. ":ಐಡಿ" ಜಾಗಕ್ಕೆ ಏನು ತುಂಬುವುದು ಅಂತ ತಲೆ ಕೆಡಿಸಿಕೊಳ್ಳಬೇಡಿ, ಹಾಗೇ ಕಳಿಸಿ, ಗಿನ್ ಅದನ್ನೇ ಐಡಿ ಅಂದುಕೊಳ್ಳುತ್ತದೆ. ಈ ಟೆಸ್ಟ್ ಬಂದ ಮೇಲೆ ಪಾಲುದಾರ ಬರೆದ ಎರಡು ರೂಟ್ ಸಿಕ್ಕಿಬಿದ್ದವು. ಅವನು ಆಮೇಲೆ ನಗಲಿಲ್ಲ.

ಎಲ್ಲ ಸೇರಿ ಹನ್ನೊಂದೋ ಹನ್ನೆರಡೋ ದಿನದ ಕೆಲಸ. ಹಳೆ ಗ್ರೂಪ್‌ನ ಲಾಗ್‌ನಲ್ಲಿ ಮೊದಲ ತಿಂಗಳು ತೊಂಬತ್ತು ಫೋನ್ ಕಾಣುತ್ತಿದ್ದವು, ಈಗ ಉಳಿದಿರುವುದು ಒಂದು. ಒಬ್ಬ ಹಳೆ ಗುಮಾಸ್ತರದ್ದು. ಗಾಜು ಒಡೆದಿದೆ, ರಬ್ಬರ್ ಬ್ಯಾಂಡ್ ಹಾಕಿದ್ದಾರೆ, ಬದಲಿಸಿ ಸಾರ್ ಅಂದರೆ "ನಡೀತದಲ್ಲ ಮರಿ" ಅನ್ನುತ್ತಾರೆ. ಅದು ನಿಲ್ಲುವವರೆಗೂ ಆ ಖಾಲಿ ಪ್ರಿಫಿಕ್ಸ್‌ನ ಹಳೆ ಸಾಲು ಅಲ್ಲೇ ಇರುತ್ತದೆ.