ಕೀಲು ತೊಳೆಸಿಕೊಂಡ ಮೇಲೆ ಬಾಯಿ ತೆರೆಯುವುದು ಹೇಗೆ?

ದವಡೆ ಕೀಲು ಹಿಡಿದುಕೊಂಡಿದೆ. ಎರಡು ಬೆರಳಿಗಿಂತ ಜಾಸ್ತಿ ಬಾಯಿ ತೆರೆಯಲು ಬರುತ್ತಿಲ್ಲ. ಮಾತ್ರೆ, ಮೆತ್ತಗಿನ ಊಟ, ಹಲ್ಲಿಗೆ ಹಾಕುವ ಸ್ಪ್ಲಿಂಟ್ ಎಲ್ಲ ಆಯಿತು. ಆಗ ವೈದ್ಯರು ‘ಕೀಲು ತೊಳೆಯೋಣ’ ಎನ್ನುತ್ತಾರೆ. ಇದರ ಹೆಸರು ಆರ್ಥ್ರೋಸೆಂಟೆಸಿಸ್. ಕಿವಿಯ ಮುಂದೆ ಎರಡು ಸೂಜಿ ಚುಚ್ಚಿ, ಒಂದರಿಂದ ಸಲೈನ್‌ನಂಥ ದ್ರವ ಒಳಗೆ ಬಿಟ್ಟು ಇನ್ನೊಂದರಿಂದ ಹೊರಗೆ ತೆಗೆಯುತ್ತಾರೆ. ಕೆಲವರಿಗೆ ಸುಮಾರು 2 ಮಿ.ಮೀ. ದಪ್ಪದ ಕ್ಯಾಮೆರಾ ಕೊಳವೆ ಹಾಕಿ ಕೀಲಿನೊಳಗೆ ನೋಡುವುದೂ ಉಂಟು. ಅದು ಆರ್ಥ್ರೋಸ್ಕೋಪಿ.

ಇಷ್ಟು ವೈದ್ಯರ ಪಾಲು. ಜನ ಎಡವುವುದು ಮನೆಗೆ ಬಂದ ಮೇಲೆ. ನೋವಾಗುತ್ತದೆ ಅಂತ ಬಾಯಿ ಮುಚ್ಚಿಕೊಂಡು ಕೂತರೆ ಕೀಲು ಮತ್ತೆ ಬಿಗಿಯುತ್ತದೆ.

1. ಮೊದಲ ದಿನ ಐಸ್, ಹೇಳಿದ ಮಾತ್ರೆ, ವಿಶ್ರಾಂತಿ. ಮರಗಟ್ಟಿಸುವ ಔಷಧಿಯಿಂದ ಆ ಕಡೆಯ ಕಣ್ಣುರೆಪ್ಪೆ ಕೆಲವು ಗಂಟೆ ಸರಿಯಾಗಿ ಮುಚ್ಚದಿರಬಹುದು. ಕೀಲಿನಲ್ಲಿ ದ್ರವ ಉಳಿದಿರುವುದರಿಂದ ಹಿಂದಿನ ಹಲ್ಲು ಒಂದೆರಡು ದಿನ ಕೂಡದಿರಬಹುದು. ಕೂಡಿತಾ ಅಂತ ಪದೇ ಪದೇ ಕಚ್ಚಿ ನೋಡಬೇಡಿ.

2. ಬಾಯಿ ಎಷ್ಟು ತೆರೆಯುತ್ತದೆ ಅಂತ ಅಳತೆ ಬರೆದಿಡಿ. ಬಾಯಿ ತೆರೆದು, ಮೇಲಿನ ಮುಂದಿನ ಹಲ್ಲಿನ ತುದಿಯಿಂದ ಕೆಳಗಿನ ಹಲ್ಲಿನ ತುದಿಗೆ ಸ್ಕೇಲ್ ಇಡಿ. 40 ಮಿ.ಮೀ. ಹತ್ತಿರ ಬಂದರೆ ಚೆನ್ನಾಗಿದೆ ಎಂದರ್ಥ.

3. ಈಗ ವ್ಯಾಯಾಮ. ವೈದ್ಯರು ‘ಶುರು ಮಾಡಿ’ ಎಂದ ದಿನದಿಂದ. ಮೊದಲು ಹತ್ತು ನಿಮಿಷ ಕೆನ್ನೆಗೆ ಬೆಚ್ಚಗಿನ ಬಟ್ಟೆ ಇಡಿ. ಕನ್ನಡಿಯ ಮೇಲೆ ಸೋಪಿನಿಂದ ಒಂದು ನೇರ ಗೆರೆ ಎಳೆದು, ಮೂಗು ಅದರ ಮೇಲೆ ಬರುವಂತೆ ನಿಂತುಕೊಳ್ಳಿ. ನಾಲಿಗೆ ತುದಿಯನ್ನು ಮೇಲಿನ ಹಲ್ಲಿನ ಹಿಂದೆ ಅಂಗುಳಕ್ಕೆ ಒತ್ತಿ, ಅದು ಬಿಡದಷ್ಟೇ ಬಾಯಿ ತೆರೆಯಿರಿ. ಇದು ಕೀಲಿನ ತಿರುಗುವ ಚಲನೆ. ಆರು ಸಲ ಸಾಕು.

ಆಮೇಲೆ ನಾಲಿಗೆ ಬಿಟ್ಟು ಇನ್ನೂ ತೆರೆಯಿರಿ. ಈಗ ಕೀಲು ಮುಂದಕ್ಕೆ ಜಾರಬೇಕು. ಗದ್ದ ಗೆರೆ ಬಿಟ್ಟು ನೋವಿನ ಕಡೆಗೆ ವಾಲಿದರೆ ಆ ಕಡೆ ಜಾರುತ್ತಿಲ್ಲ ಅಂತ ಲೆಕ್ಕ. ಅಲ್ಲೇ ನಿಲ್ಲಿಸಿ, ಮುಚ್ಚಿ, ಇನ್ನೂ ನಿಧಾನವಾಗಿ ತೆರೆಯಿರಿ. ವಾಲಿಸಿಕೊಂಡೇ ದೊಡ್ಡದಾಗಿ ತೆರೆಯುವುದಕ್ಕಿಂತ ನೇರವಾಗಿ ಸ್ವಲ್ಪ ತೆರೆಯುವುದೇ ಮೇಲು.

ಕೊನೆಗೆ ಹೆಬ್ಬೆರಳು ಮೇಲಿನ ಹಲ್ಲಿಗೆ, ತೋರುಬೆರಳು ಕೆಳಗಿನದಕ್ಕೆ, ಕತ್ತರಿಯಂತೆ ಅಡ್ಡಹಾಕಿ ಮೆಲ್ಲಗೆ ಅಗಲಿಸಿ. ಎಳೆತ ಗೊತ್ತಾದ ಕಡೆ ಹತ್ತು ಎಣಿಸಿ, ಮೆಲ್ಲಗೆ ಬಿಡಿ. ಎಳೆತ ಸರಿ, ಚುಚ್ಚುವ ನೋವು ಸರಿಯಲ್ಲ. ಮುಗಿಸಿ ಅರ್ಧ ಗಂಟೆಯಾದರೂ ನೋವು ಇಳಿಯದಿದ್ದರೆ ಅತಿಯಾಯಿತು ಎಂದರ್ಥ, ಮುಂದಿನ ಸಲ ಕಡಿಮೆ ಮಾಡಿ. ಗದ್ದಕ್ಕೆ ಮುಷ್ಟಿ ಕೊಟ್ಟು ಕೆಳಗೆ ತಳ್ಳುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ಇನ್ನೊಂದು ತಪ್ಪು: ದಿನವಿಡೀ ಬಿಟ್ಟು ರಾತ್ರಿ ಐವತ್ತು ಸಲ ಒಟ್ಟಿಗೆ ಮಾಡಿ ಮುಗಿಸುವುದು. ನಾನಂತೂ ದಿನಕ್ಕೆ ಐದಾರು ಸಲ, ಎರಡೆರಡು ನಿಮಿಷ ಅಂತಲೇ ಹೇಳುತ್ತೇನೆ.

4. ದವಡೆಗೆ ಶೇಪ್ ಬರುತ್ತದೆ ಅಂತ ಆನ್‌ಲೈನಿನಲ್ಲಿ ಮಾರುವ ರಬ್ಬರ್ ಉಂಡೆ ಸುಮ್ನೆ ದುಡ್ಡು ದಂಡ. ಅದು ಕಚ್ಚುವ ಸ್ನಾಯುವಿಗೆ ಕಸರತ್ತು. ನಿಮಗೆ ಬೇಕಿರುವುದು ತೆರೆಯುವುದು, ಅಲ್ವಾ? ಚೂಯಿಂಗ್ ಗಮ್ ಕೂಡ ಬೇಡ.

5. ಜ್ವರ, ದಿನೇದಿನೇ ಏರುವ ಊತ, ಮರುದಿನವೂ ಮುಚ್ಚದ ರೆಪ್ಪೆ, ಸ್ಕೇಲಿನಲ್ಲಿ ಇಳಿಯುತ್ತಲೇ ಇರುವ ಅಳತೆ: ಇವುಗಳಲ್ಲಿ ಯಾವುದಿದ್ದರೂ ವೈದ್ಯರಿಗೆ ಫೋನ್ ಮಾಡಿ.

ಆಕಳಿಕೆ ಬಂದಾಗ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ, ಗದ್ದದ ಕೆಳಗೆ ಕೈ ಕೊಡಿ. ಆಗ ಬಾಯಿ ತಾನಾಗಿ ಪೂರ್ತಿ ತೆರೆದುಕೊಳ್ಳುವುದಿಲ್ಲ.