ಮಾರ್ಲಿನ್ ಕೋವಿಗೆ ಐವತ್ತರ ನಳಿಗೆ: ನನ್ನ ಅನುಭವ

ಅಲಾಸ್ಕಾದ ಆಂಕರೇಜ್‌ಗೆ ಬಂದ ಮೂರನೇ ವರ್ಷ ಹಳೆಯ ಮಾರ್ಲಿನ್ 1895 ಒಂದನ್ನು ಕೊಂಡೆ. ಲಿವರ್ ಆಡಿಸಿ ತೋಟಾ ಏರಿಸುವ ಕೋವಿ, .45-70 ಅನ್ನುವ ಅಳತೆಯ ತೋಟಾದ್ದು. ಕರಡಿ ಓಡಾಡುವ ಹೊಳೆದಂಡೆಗೆ ಅದೇ ಧಾರಾಳ ಸಾಕು. ಆದರೂ ನನಗೆ ಅದಕ್ಕಿಂತ ದಪ್ಪ ಗುಂಡಿನ .50 ಅಲಾಸ್ಕನ್ ತೋಟಾದ ಹುಚ್ಚು ಹಿಡಿಯಿತು.

ಹುಚ್ಚೂ ಈ ಅಲಾಸ್ಕಾದ್ದೇ ಅನ್ನಿ. 1950ರ ದಶಕದಲ್ಲಿ ಕೂಪರ್ ಲ್ಯಾಂಡಿಂಗ್‌ನ ಹೆರಾಲ್ಡ್ ಜಾನ್ಸನ್ ಅವರು ವಿಂಚೆಸ್ಟರ್ 71 ಕೋವಿಯ .348 ತೋಟಾದ ಬಾಯಿ ಅಗಲಿಸಿ .450 ಅಲಾಸ್ಕನ್, .50 ಅಲಾಸ್ಕನ್ ಎರಡನ್ನೂ ಮಾಡಿದ್ದರು. ಗುಂಡು ಸಿಗದೆ ಮಿಷಿನ್ ಗನ್ ಗುಂಡನ್ನೇ ಕತ್ತರಿಸಿ ಬಳಸಿದ್ದರಂತೆ.

ನಳಿಗೆ, ಅದರ ಹಿಂಬದಿಯಲ್ಲಿ ತೋಟಾ ಕೂರುವ ಚೇಂಬರ್, ಇವುಗಳ ಕೆಲಸಕ್ಕೆ ನಾನು ಕೈ ಹಾಕಲಿಲ್ಲ. ಕೋವಿ ಕೆಲಸದ ಕುಶಲಿ, ಗನ್‌ಸ್ಮಿತ್ ಒಬ್ಬರಿಗೆ ಕೊಟ್ಟೆ. ಅವರು ಕ್ಯಾಲಿಪರ್ ಹಿಡಿದು ಪಾಠ ಮಾಡಿದರು. .45-70ರ ರಿಮ್, ಅಂದರೆ ತೋಟಾದ ಹಿಂಬದಿಯ ಅಂಚು, .608 ಇಂಚು, .348ರದ್ದು .610. ಹಾಗಾಗಿ ಅದನ್ನು ಹಿಡಿಯುವ ಬೋಲ್ಟ್ ಹೊಂದಿಕೊಳ್ಳುತ್ತದೆ. ಆದರೆ ಬುಡದ ದಪ್ಪ .505ರಿಂದ .553ಕ್ಕೆ ಏರುತ್ತದೆ. ಅಷ್ಟು ಉಕ್ಕು ಚೇಂಬರ್ ಗೋಡೆಯಿಂದಲೇ ಹೋಗಬೇಕು, ಅಲ್ವಾ? 'ಮದ್ದು ಜಾಸ್ತಿ ತುಂಬೋ ಆಸೆ ಇದ್ದರೆ ಬೇರೆಯವರನ್ನ ನೋಡ್ಕೋ' ಅಂದರು.

ನನ್ನ ಪಾಲಿಗೆ ಬಂದದ್ದು ತೋಟಾ ಹೊಂದಿಸುವ ಕೆಲಸ. ನಿಜವಾದ ತಲೆನೋವು ಅಲ್ಲೇ ಇದ್ದದ್ದು. ಮದ್ದೂ, ಬಡಿದರೆ ಸಿಡಿದು ಮದ್ದಿಗೆ ಕಿಡಿ ಕೊಡುವ ಕ್ಯಾಪೂ ಇಲ್ಲದ ಡಮ್ಮಿ ತೋಟಾ ಮಾಡಿ, ಅಡುಗೆಮನೆ ಟೇಬಲ್ ಮೇಲೆ ದಿನಗಟ್ಟಲೆ ಲಿವರ್ ಆಡಿಸಿದೆ. ಮೂರನೆಯದಕ್ಕೆ ಸಿಕ್ಕಿಕೊಳ್ಳುತ್ತಿತ್ತು. ನಾನು ಕೋವಿಯನ್ನು ಬೈದೆ. ತಪ್ಪು ನನ್ನದೇ. ಗುಂಡನ್ನು ಕೂದಲೆಳೆಯಷ್ಟು ಹೊರಗೆ ಕೂರಿಸಿದ್ದೆ. ಉದ್ದ ಕಡಿಮೆ ಮಾಡಿದ ಮೇಲೆ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ನಡೆಯಿತು.

ಇನ್ನೆರಡು ವಿಷಯದಲ್ಲಿ ಚೌಕಾಸಿ ಇಲ್ಲ. ನಳಿಗೆಯ ಕೆಳಗೆ ತೋಟಾಗಳು ಸಾಲಾಗಿ ಕೂರುವ ಕೊಳವೆಯೊಳಗೆ ಒಂದರ ಮೂತಿ ಮುಂದಿನದರ ಕ್ಯಾಪಿಗೆ ತಾಗಿ ಕೂರುತ್ತದೆ. ಆದ್ದರಿಂದ ಚಪ್ಪಟೆ ಮೂತಿಯ ಗುಂಡೇ ಬೇಕು. ಕ್ರಿಂಪ್, ಅಂದರೆ ತೋಟಾದ ಕೇಸಿನ ಬಾಯಿ ಗುಂಡನ್ನು ಅದುಮಿ ಹಿಡಿಯುವ ಮಡಿಕೆ, ಬಿಗಿಯಾಗಿರಬೇಕು, ಇಲ್ಲದಿದ್ದರೆ ಒದೆತಕ್ಕೆ ಗುಂಡು ಕೇಸಿನೊಳಕ್ಕೆ ಜಾರುತ್ತದೆ.

ಒದೆತದ ಬಗ್ಗೆ ಏನು ಹೇಳಲಿ! ಮೂರೂವರೆ ಕಿಲೋ ಕೋವಿ, 450 ಗ್ರೇನ್ (ಸುಮಾರು 29 ಗ್ರಾಂ) ಗುಂಡು. ಮೊದಲ ದಿನ ಜಂಬದಲ್ಲಿ ಹನ್ನೆರಡು ಹೊಡೆದೆ. ಮರುದಿನ ಶರ್ಟ್ ಹಾಕಿಕೊಳ್ಳಲು ಹೆಂಡತಿ ಬೇಕಾದಳು. ಈಗ ರೇಂಜ್‌ಗೆ ಹೋದರೆ ಐದೇ.

ಕರಡಿ ಎರಡು ಸಲ ಎದುರಾಗಿದೆ. ಎರಡು ಸಲವೂ ಸೊಂಟದಲ್ಲಿದ್ದದ್ದು ಬೇರ್ ಸ್ಪ್ರೇ, ಕರಡಿ ಓಡಿಸುವ ಖಾರದ ಸ್ಪ್ರೇ. ಕೋವಿ ಕಾರಿನಲ್ಲಿತ್ತು.