ಆಲೆಮನೆಯವರ ನಾಲಿಗೆಯ ಗಂಟು

ಮಂಡ್ಯದಲ್ಲಿ ಬಾಯಿ-ದವಡೆಯ ಶಸ್ತ್ರಚಿಕಿತ್ಸೆ ಮಾಡುವವನು ನಾನು. ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುವವರೊಬ್ಬರು ಬಂದು ನಾಲಿಗೆ ಚಾಚಿದರು. ಬಲ ಅಂಚಿನಲ್ಲಿ ಅಡಿಕೆ ಗಾತ್ರದ ಗಂಟು. “ಎರಡ್ ವರ್ಸದಿಂದ ಐತೆ ಸಾ, ನೋಯಾಕಿಲ್ಲ. ಕ್ಯಾನ್ಸರ್ ಅಂತವ್ರೆ ಎಲ್ರೂವೆ.”

ಹುಣ್ಣಿಲ್ಲ, ರಕ್ತವಿಲ್ಲ, ಮೇಲ್ಪದರ ನುಣುಪು. ಒತ್ತಿದರೆ ರಬ್ಬರಿನಂತೆ ಗಟ್ಟಿ. ಹಲ್ಲು ತಾಗಿ ತಾಗಿ ಬೆಳೆದ ಫೈಬ್ರೋಮ, ಅಂದರೆ ನಾರಿನಂಥ ಅಂಗಾಂಶದ ಗಂಟು ಅಂದುಕೊಂಡೆ; ನೋಡಿದರೆ ಅಲ್ಲಿ ತಾಗುವಂಥ ಹಲ್ಲೇ ಇರಲಿಲ್ಲ. ಸೂಜಿ ಪರೀಕ್ಷೆಯಿಂದ ಏನೂ ತಿಳಿಯಲಿಲ್ಲ. ನರದ ಗಂಟುಗಳಲ್ಲಿ ಹಾಗಾಗುವುದುಂಟು. ಎಂಆರ್‌ಐಯ ಟಿ2 ಎಂಬ ಬಗೆಯ ಚಿತ್ರದಲ್ಲಿ ಬೆಳ್ಳಗೆ ಹೊಳೆಯುವ, ಅಂಚು ಸ್ಪಷ್ಟವಾದ ಉಂಡೆ ಕಂಡಾಗ ಶ್ವಾನೋಮ, ಅಂದರೆ ನರದ ಹೊದಿಕೆಯ ಕೋಶಗಳಿಂದ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಂಟು ಇರಬಹುದೆಂಬ ಗುಮಾನಿ ಬಂತು. ಶ್ವಾನೋಮಗಳಲ್ಲಿ ಬಾಯೊಳಗೆ ಬರುವುದು ಸುಮಾರು ಶೇ. 1ರಷ್ಟು, ಬಂದರೆ ಹೆಚ್ಚಾಗಿ ನಾಲಿಗೆಯಲ್ಲೇ.

ಅಂಗಿ ತೆಗೆಸಿ ಬೆನ್ನು, ಕಂಕುಳು ನೋಡಿದೆ. ಬಾಯಿ ಡಾಕ್ಟರು ಬೆನ್ಯಾಕೆ ನೋಡ್ತಾರೆ ಎಂದು ಅವರ ಹೆಂಡತಿ ಕೇಳಿದರು. ಕಾಫಿ ಬಣ್ಣದ ಮಚ್ಚೆಗಳು, ಮೆತ್ತನೆಯ ಗಂಟುಗಳು ಮೈಮೇಲೆ ತುಂಬಿದ್ದರೆ ನ್ಯೂರೋಫೈಬ್ರೊಮಟೋಸಿಸ್ ಎಂಬ ವಂಶವಾಹಿ ಕಾಯಿಲೆಯನ್ನು ಹುಡುಕಬೇಕಾಗುತ್ತದೆ, ಮಕ್ಕಳನ್ನೂ ನೋಡಬೇಕಾಗುತ್ತದೆ ಎಂದು ಬಿಡಿಸಿ ಹೇಳಿದೆ. ಯಾವುದೂ ಇರಲಿಲ್ಲ.

“ರುಚಿ ಹೋಗಾಕಿಲ್ವಾ ಸಾ?” ರೋಗಿಗಿದ್ದ ಭಯ ಅದೊಂದೇ, ಅದು ಸುಳ್ಳೂ ಅಲ್ಲ. ನಾಲಿಗೆಯ ಮುಂದಿನ ಮೂರನೇ ಎರಡು ಭಾಗದ ಸ್ಪರ್ಶವೂ ರುಚಿಯೂ ಲಿಂಗ್ವಲ್ ನರದ ಜೊತೆಗೇ ಸಾಗುತ್ತವೆ. ನರದ ಇನ್ನೊಂದು ಬಗೆಯ ಗಂಟಾದ ನ್ಯೂರೋಫೈಬ್ರೋಮದಲ್ಲಿ ನರದ ಎಳೆಗಳು ಗಂಟಿನೊಳಗೇ ಹೆಣೆದುಕೊಂಡಿರುತ್ತವೆ. ಶ್ವಾನೋಮ ಹಾಗಲ್ಲ; ತನ್ನದೇ ಕವಚದೊಳಗೆ ಬೆಳೆದು ನರವನ್ನು ಪಕ್ಕಕ್ಕೆ ತಳ್ಳುತ್ತದೆ. ಇದನ್ನು ನಂಬಿಯೇ ಕತ್ತಿ ಹಿಡಿದೆ.

ಅಂಚಿನುದ್ದಕ್ಕೆ ಸೀಳಿ, ಕತ್ತರಿಯ ಮೊಂಡು ತುದಿಯಿಂದ ಸ್ನಾಯು ಬಿಡಿಸುತ್ತ ಹೋದಂತೆ ಹಳದಿ-ಬಿಳುಪಿನ ಕವಚ ಕಂಡಿತು. ಅದರ ಮೇಲೆ ದಾರದಂಥ ಬಿಳಿ ಎಳೆಯೊಂದು ಅಂಟಿಕೊಂಡಿತ್ತು. ಗಂಟು ಬಿಡಿಸುವುದಕ್ಕಿಂತ ಆ ಎಳೆ ಬಿಡಿಸಲು ಹೆಚ್ಚು ಹೊತ್ತು ಹಿಡಿಯಿತು. ಆಮೇಲೆ ತೊಳೆಯಿಂದ ಹಲಸಿನ ಬೀಜ ಜಾರಿದಂತೆ ಇಡೀ ಗಂಟು ಕೈಗೆ ಬಂತು.

ಪೆಥಾಲಜಿ ವರದಿಯಲ್ಲಿ ಕೋಶಗಳು ಒತ್ತೊತ್ತಾಗಿ ಸೇರಿದ ಆಂಟೋನಿ ಎ ವಿನ್ಯಾಸ, ಎದುರುಬದುರು ಪಂಕ್ತಿಯಲ್ಲಿ ಕೂತಂಥ ನ್ಯೂಕ್ಲಿಯಸ್‌ಗಳ ವೆರೊಕೆ ಬಾಡಿಗಳು, ನರದ ಹೊದಿಕೆಯ ಕೋಶಗಳಲ್ಲಿ ಕಾಣುವ ಎಸ್-100 ಪ್ರೋಟೀನ್ ಪಾಸಿಟಿವ್. ಶ್ವಾನೋಮವೇ.

ನಾಲಿಗೆಯ ತುದಿ ಕೆಲವು ವಾರ ಜೋಮು ಹಿಡಿದಂತಿತ್ತು. ಆರನೇ ವಾರ ಬಂದಾಗ ಕಣ್ಣು ಮುಚ್ಚಿಸಿ ಉಪ್ಪು, ಸಕ್ಕರೆ ಸವರಿದೆ. ಎರಡನ್ನೂ ಸರಿಯಾಗಿ ಹೇಳಿದರು. ಹೊಸ ಬೆಲ್ಲದ ಅಚ್ಚೊಂದನ್ನು ಮೇಜಿನ ಮೇಲಿಟ್ಟು ಹೋದರು.